ಬಿಸಿಲು ಸುಟ್ಟ ಚರ್ಮದ ಮೊದಲ ಮೂರು ದಿನ

(ಬೇಸಿಗೆ ಕಾಲಿಡುವ ಹೊತ್ತಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಸಮುದಾಯ ಭವನದಲ್ಲಿ ಕೃಷಿ ಕೆಲಸದ ಮಹಿಳೆಯರ ಮುಂದೆ ವೈದ್ಯೆಯಾಗಿ ನಾನು ಆಡಿದ ಮಾತುಗಳ ಬರಹ ರೂಪ. ಕೇಳುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಭವನಕ್ಕೆ ಬರುವ ದಾರಿಯಲ್ಲಿ, ತೋಟದ ಅಂಚಿನ ಸಾಲಿನ ಅಡಿಕೆ ಮರಗಳಿಗೆ ಆಳೆತ್ತರದವರೆಗೆ ಒಣಗಿದ ಸೋಗೆ ಕಟ್ಟಿರುವುದನ್ನು ನೋಡಿದೆ. ಪಕ್ಕದ ತೋಟದಲ್ಲಿ ಸೋಗೆಯ ಬದಲು ಕಾಂಡಕ್ಕೆ ಸುಣ್ಣ ಬಳಿದಿದ್ದರು. ಏಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತೆಂಕಣ ಮತ್ತು ಪಡುವಣ ದಿಕ್ಕಿನ ಬಿಸಿಲು ನೇರವಾಗಿ ಬೀಳುವ ಕಾಂಡದ ಮೇಲೆ ಮೊದಲು ಬಂಗಾರದ ಹಳದಿಯ ಮಚ್ಚೆ ಕಾಣುತ್ತದೆ, ಅದು ಕ್ರಮೇಣ ಕಂದಾಗುತ್ತದೆ, ಆಮೇಲೆ ಅಲ್ಲೇ ಸೀಳು ಬಿಡುತ್ತದೆ, ಒಂದು ಮಳೆಗಾಲದ ಗಾಳಿಗೆ ಮರ ಆ ಸೀಳಿನಲ್ಲೇ ಮುರಿದು ಬೀಳುತ್ತದೆ. ಮರದ ಮೈಮೇಲಿನ ಆ ಹಳದಿ ಮಚ್ಚೆಯನ್ನು ನಮ್ಮ ರೈತರು ಯಾರೂ ‘ಬಣ್ಣ ಬದಲಾಗಿದೆ’ ಎಂದು ಬಿಟ್ಟುಬಿಡುವುದಿಲ್ಲ, ಮರಕ್ಕೆ ಪೆಟ್ಟಾಗಿದೆ ಎಂದೇ ತಿಳಿಯುತ್ತಾರೆ. ನಮ್ಮ ಸ್ವಂತ ಚರ್ಮದ ವಿಷಯದಲ್ಲಿ ಮಾತ್ರ ನಾವು ಹಾಗೆ ತಿಳಿಯುವುದಿಲ್ಲ. ‘ಬಿಸಿಲಿಗೆ ಕಪ್ಪಾದೆ’ ಎಂದು ಬಣ್ಣದ ಚಿಂತೆ ಮಾಡುತ್ತೇವೆ, ಆ ಕಪ್ಪನ್ನು ತಿಕ್ಕಿ ತೆಗೆಯಲು ಹೊರಡುತ್ತೇವೆ. ಬಿಸಿಲು ಹೊಡೆದ ಚರ್ಮ ಒಂದು ಗಾಯ. ಒಲೆಯ ಬಿಸಿ ತಾಗಿದ ಕೈಯನ್ನು ಹೇಗೆ ನೋಡಿಕೊಳ್ಳುತ್ತೇವೆಯೋ ಹಾಗೆಯೇ ಅದನ್ನು ನೋಡಿಕೊಳ್ಳಬೇಕು. ಇದನ್ನು ಹೇಳುವುದಕ್ಕಾಗಿಯೇ ನಾನು ಇಲ್ಲಿಗೆ ಬಂದಿದ್ದೇನೆ.

ಮಲೆನಾಡಿನವರಿಗೆ ಬಿಸಿಲಿನ ತೊಂದರೆ ಕಡಿಮೆ, ಅದೇನಿದ್ದರೂ ಬಯಲುಸೀಮೆಯವರ ಪಾಡು ಎಂಬ ನಂಬಿಕೆ ನಮ್ಮಲ್ಲಿದೆ. ತೋಟದ ಒಳಗೆ ಇರುವವರೆಗೆ ಅದು ಸರಿ. ಆದರೆ ಶುಂಠಿ ಕೀಳುವ ಹೊಲದಲ್ಲಿ, ಅಡಿಕೆ ಹರವುವ ಅಂಗಳದಲ್ಲಿ, ಕೆರೆಯ ಹೂಳೆತ್ತುವ ಕೆಲಸದಲ್ಲಿ ಯಾವ ಮರದ ನೆರಳು ಇರುತ್ತದೆ? ಶಿವಮೊಗ್ಗ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14 ಡಿಗ್ರಿಯಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆ ಎಷ್ಟು ನೇರವಾಗಿ ನಿಲ್ಲುತ್ತಾನೆಂದರೆ, ಅಂಗಳದಲ್ಲಿ ನೆಟ್ಟ ಗೂಟಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಹಾಗೆ ಆಗುತ್ತದೆ, ಆದರೆ ಆಗ ಮೋಡವಿರುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ನಮಗೆ ಸೆಖೆಯಾಗಿ ತಿಳಿಯುವ ಬಿಸಿಲು ಬೇರೆ, ಚರ್ಮವನ್ನು ಸುಡುವ ಬಿಸಿಲು ಬೇರೆ. ಸುಡುವುದು ನೇರಳಾತೀತ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬೆಚ್ಚಗೂ ಆಗುವುದಿಲ್ಲ. ಕೊಡಚಾದ್ರಿಯ ತುದಿಯಲ್ಲಿ, 1343 ಮೀಟರ್ ಎತ್ತರದಲ್ಲಿ, ತಣ್ಣನೆ ಗಾಳಿ ಬೀಸುತ್ತಿರುವಾಗ ಯಾರಿಗೂ ಬಿಸಿಲು ಚುರುಕಾಗಿದೆ ಅನ್ನಿಸುವುದಿಲ್ಲ. ಆದರೆ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಈ ಕಿರಣದ ಬಲ ಶೇಕಡಾ 10ರಷ್ಟು ಹೆಚ್ಚುತ್ತದೆ. ತೆಳು ಮೋಡವನ್ನು ದಾಟಿ ಅದರ ಶೇಕಡಾ 80ರವರೆಗೆ ಕೆಳಗಿಳಿಯಬಲ್ಲದು. ಶರಾವತಿಯ ಹಿನ್ನೀರಿನಲ್ಲಿ ತೆರೆದ ದೋಣಿಯ ಮೇಲೆ ನಿಂತವರಿಗೆ ಮೇಲಿನಿಂದ ಬೀಳುವುದರ ಜೊತೆಗೆ ನೀರಿನಿಂದ ಪುಟಿದು ಬರುವ ಪಾಲೂ ಸೇರುತ್ತದೆ. ಚಾರಣ ಮುಗಿಸಿ, ಪ್ರವಾಸ ಮುಗಿಸಿ ಬಂದ ಮಕ್ಕಳು ‘ಬಿಸಿಲೇ ಇರಲಿಲ್ಲ, ಆದರೂ ಮುಖ ಉರಿಯುತ್ತಿದೆ’ ಎಂದು ಹೇಳುವುದು ಇದೇ ಕಾರಣಕ್ಕೆ.

ಈ ಕಿರಣ ಚರ್ಮದ ಜೀವಕೋಶದೊಳಗೆ ಹೊಕ್ಕು ಅಲ್ಲಿನ ಡಿಎನ್‌ಎ ಎಳೆಗೆ ಹಾನಿ ಮಾಡುತ್ತದೆ. ನೇಯ್ದ ಬಟ್ಟೆಯಲ್ಲಿ ಅಕ್ಕಪಕ್ಕದ ಎರಡು ನೂಲು ಒಂದಕ್ಕೊಂದು ಗಂಟುಬಿದ್ದಂತೆ ಎಂದು ಕಲ್ಪಿಸಿಕೊಳ್ಳಿ. ಆ ಗಂಟನ್ನು ಕತ್ತರಿಸಿ ತೆಗೆದು ಹೊಸ ನೂಲು ಸೇರಿಸುವ ಕೆಲಸವನ್ನು ಜೀವಕೋಶವೇ ಮಾಡಿಕೊಳ್ಳುತ್ತದೆ. ಜೀವಕೋಶ ಹೀಗೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಬಗೆಯನ್ನು ಬಿಡಿಸಿ ತೋರಿಸಿದ್ದಕ್ಕೆ 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮೂವರು ವಿಜ್ಞಾನಿಗಳಿಗೆ ಹಂಚಲಾಯಿತು. ಅವರಲ್ಲಿ ಅಜೀಜ್ ಸಂಜಾರ್ ಅವರು ಕೆಲಸ ಮಾಡಿದ್ದು ನೇರಳಾತೀತ ಕಿರಣದಿಂದ ಆಗುವ ಈ ಹಾನಿಯ ಮೇಲೆಯೇ. ರಿಪೇರಿಗೆ ಮೀರಿದಷ್ಟು ಹಾನಿಯಾದ ಜೀವಕೋಶ ಸಾಯುತ್ತದೆ. ಸುತ್ತಲಿನ ರಕ್ತನಾಳಗಳು ಹಿಗ್ಗುತ್ತವೆ, ಉರಿ ಏಳುತ್ತದೆ, ಬಾವು ಬರುತ್ತದೆ. ಇದಕ್ಕೆಲ್ಲ ಸಮಯ ಬೇಕು. ಬಿಸಿಲಿನಲ್ಲಿದ್ದು ಮೂರರಿಂದ ಆರು ಗಂಟೆಯ ಮೇಲೆ ಉರಿ ಶುರುವಾಗುತ್ತದೆ, 12ರಿಂದ 24 ಗಂಟೆಯೊಳಗೆ ಅದು ತುದಿ ಮುಟ್ಟುತ್ತದೆ, ಮೂರು ದಿನಕ್ಕೆ ಇಳಿಯುತ್ತದೆ. ಸತ್ತ ಪದರ ಸುಲಿಯುವುದು ನಾಲ್ಕನೆಯ ದಿನದಿಂದ ಈಚೆಗೆ. ಬೆಳಿಗ್ಗೆ ಕೆಲಸಕ್ಕೆ ಹೋದವರಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಏನೂ ಗೊತ್ತಾಗದೆ, ಅದೇ ಬಿಸಿಲಿಗೆ ಮತ್ತೆ ಇಳಿಯುತ್ತಾರೆ. ರಾತ್ರಿ ಮಲಗುವಾಗ ಕುತ್ತಿಗೆಗೆ ದಿಂಬು ತಾಗಿದರೆ ಪ್ರಾಣ ಹೋಗುತ್ತದೆ.

ಪುಸ್ತಕದಲ್ಲಿ ‘ಚರ್ಮ ಕೆಂಪಾಗುತ್ತದೆ’ ಎಂದು ಬರೆದಿರುತ್ತದೆ. ಅದು ಬಿಳಿಯ ಚರ್ಮದವರನ್ನು ನೋಡಿ ಬರೆದದ್ದು. ನಮ್ಮ ಎಣ್ಣೆಗಪ್ಪು, ಗೋಧಿ ಬಣ್ಣದ ಮೈಮೇಲೆ ಕೆಂಪು ಸುಲಭವಾಗಿ ಎದ್ದು ಕಾಣುವುದಿಲ್ಲ. ನಮ್ಮಲ್ಲಿ ಅದು ಗೊತ್ತಾಗುವುದು ಮುಟ್ಟಿದಾಗ: ಅಂಗೈಯ ಹಿಂಬದಿಯನ್ನು ಹತ್ತಿರ ತಂದರೆ ಚರ್ಮ ಕಾದ ಹಂಚಿನ ಹಾಗೆ ಬಿಸಿಯಾಗಿರುತ್ತದೆ, ಎಳೆದು ಕಟ್ಟಿದಂತೆ ಬಿಗಿಯಾಗಿರುತ್ತದೆ, ಬಟ್ಟೆ ತಾಗಿದರೆ ಚುರುಗುಟ್ಟುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕಪ್ಪು ಏರುತ್ತದೆ. ನಮ್ಮ ಚರ್ಮದ ಕಪ್ಪು ವರ್ಣಕ ನಮ್ಮನ್ನು ಕಾಯುತ್ತದೆ ಎಂಬುದು ನಿಜ. ಆದರೆ ಪೂರ್ತಿ ಕಾಯುವುದಿಲ್ಲ. ಮೈಮೇಲೆ ತೊನ್ನಿನ ಮಚ್ಚೆ ಇರುವವರಿಗೆ ಆ ಜಾಗದಲ್ಲಿ ಈ ಅಷ್ಟು ಕಾವಲೂ ಇಲ್ಲ, ಅವರು ಇನ್ನೂ ಬೇಗ ಸುಡುತ್ತಾರೆ.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಐದು ದಿನ ಶುಂಠಿ ಕೀಳುವ ಕೆಲಸಕ್ಕೆ ಹೋಗಿದ್ದರು. ಬಾಗಿ ಕೆಲಸ ಮಾಡುವಾಗ ಸೆರಗು ಜಾರಿ, ರವಿಕೆಯ ಅಂಚಿಗೂ ತುರುಬಿಗೂ ನಡುವೆ ಕುತ್ತಿಗೆಯ ಹಿಂಭಾಗವೆಲ್ಲ ಬಿಸಿಲಿಗೆ ತೆರೆದುಕೊಂಡಿತ್ತು. ಮುಂಗೈ ಮೊಣಕೈವರೆಗೆ ಸುಟ್ಟಿತ್ತು, ಬಳೆ ಇದ್ದ ಜಾಗದಲ್ಲಿ ಮಾತ್ರ ಹಳೆಯ ಬಣ್ಣದ ತೆಳು ಗೆರೆಗಳು ಉಳಿದಿದ್ದವು. ಬಲಗೈಯಲ್ಲಿ ಇನ್ನೊಂದು ಗುರುತಿತ್ತು: ಮಣಿಕಟ್ಟಿನಿಂದ ಮೊಣಕೈ ಕಡೆಗೆ ಹನಿ ಹರಿದ ದಾರಿಯ ಹಾಗೆ ಗಾಢ ಕಂದು ಗೆರೆ, ಅದರ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ.

“ಏನು ಹಚ್ಚಿದ್ರಿ ಇದಕ್ಕೆ?” ಎಂದು ಕೇಳಿದೆ.

“ನಿಂಬೆಹುಳಿಗೆ ಉಪ್ಪು ಹಾಕಿ ತಿಕ್ಕಿದ್ದೆ ಡಾಕ್ಟ್ರಮ್ಮ, ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ. ತೊಳೀಲಿಲ್ಲ, ಒಣಗಿದ್ರೆ ಹಿಡಿಯುತ್ತೆ ಅಂದ್ರು.” ಸ್ವಲ್ಪ ಸುಮ್ಮನಿದ್ದು, “ಉರಿ ಇರ್ಲಿ, ತಡ್ಕೊಳ್ತೀನಿ. ಈ ಕಪ್ಪು ಹೋಗೋಕೆ ಏನಾದ್ರೂ ಕೊಡಿ. ಮುಂದಿನ ತಿಂಗಳು ತಂಗಿ ಮದುವೆ” ಎಂದರು.

ಉರಿಯನ್ನು ತಡೆದುಕೊಳ್ಳಬಹುದು, ಬಣ್ಣವನ್ನು ತಡೆದುಕೊಳ್ಳಲಾಗದು ಎಂಬ ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದು ಅವರೊಬ್ಬರ ತಪ್ಪಲ್ಲ. ಮನೆಗೆ ಬಂದ ನೆಂಟರು ಮೊದಲು ನೋಡುವುದು ಬಣ್ಣವನ್ನೇ. ನಿಂಬೆಯ ಸಿಪ್ಪೆಯಲ್ಲೂ ರಸದಲ್ಲೂ ಬಿಸಿಲಿನ ಜೊತೆ ಸೇರಿದಾಗ ಚರ್ಮವನ್ನು ಸುಡುವ ಅಂಶವಿದೆ. ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ, ಒಂದೆರಡು ದಿನ ಬಿಟ್ಟು, ರಸ ಹರಿದ ಜಾಗದಲ್ಲೇ ಗುಳ್ಳೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಕಂದು ಕಲೆ ನಿಲ್ಲುತ್ತದೆ. ಕಪ್ಪು ತೆಗೆಯಲು ಹಚ್ಚಿದ್ದೇ ಕಪ್ಪನ್ನು ತಂದಿತ್ತು. ಅವರ ಕುತ್ತಿಗೆಯ ಬಣ್ಣ ಸುಮಾರು ಒಂದೂವರೆ ತಿಂಗಳಲ್ಲಿ ತಿಳಿಯಾಯಿತು. ನಿಂಬೆಯ ಗೆರೆ ಮುಂದಿನ ಮಳೆಗಾಲ ಮುಗಿಯುವವರೆಗೂ ಕೈಮೇಲಿತ್ತು.

ಹಾಗಾದರೆ ಮೊದಲ ದಿನ ಏನು ಮಾಡಬೇಕು ಎಂಬುದಕ್ಕೆ ಬರೋಣ. ಇದನ್ನು ನಾನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಮೊದಲ ತಪ್ಪು ಬಚ್ಚಲಲ್ಲೇ ಆಗುತ್ತದೆ. ದಿನವಿಡೀ ಗೇಯ್ದು ಬಂದವರಿಗೆ ಸಂಜೆ ಹಂಡೆಯ ಕುದಿನೀರಿನ ಸ್ನಾನ ಆಗಲೇಬೇಕು. ಬಚ್ಚಲ ಒಲೆ ಆರದ ಮನೆಗಳು ನಮ್ಮವು. ಬಿಸಿಲು ಹೊಡೆದ ದಿನ ಮಾತ್ರ ಆ ನೀರು ಬೇಡ. ಹಿಗ್ಗಿದ ರಕ್ತನಾಳ ಇನ್ನಷ್ಟು ಹಿಗ್ಗುತ್ತದೆ, ಉರಿ ಇಮ್ಮಡಿಯಾಗುತ್ತದೆ. ಆಗತಾನೆ ಸೇದಿದ ಬಾವಿಯ ನೀರಿನ ತಂಪು ಇದೆಯಲ್ಲ, ಅಷ್ಟು ಸಾಕು. ಹಳೆಯ ಮೆತ್ತನೆಯ ಹತ್ತಿ ಪಂಚೆಯನ್ನು ಅದರಲ್ಲಿ ಅದ್ದಿ, ಹಗುರವಾಗಿ ಹಿಂಡಿ, ಸುಟ್ಟ ಜಾಗದ ಮೇಲೆ 10–15 ನಿಮಿಷ ಹಾಸಿಕೊಳ್ಳಿ. ಬಟ್ಟೆ ಬೆಚ್ಚಗಾದ ಕೂಡಲೇ ಮತ್ತೆ ಅದ್ದಿ. ದಿನಕ್ಕೆ ನಾಲ್ಕೈದು ಬಾರಿ ಹೀಗೆ ಮಾಡಬಹುದು. ಫ್ರಿಜ್ಜಿನ ಐಸನ್ನು ನೇರವಾಗಿ ಇಡಬೇಡಿ. ಮೊದಲೇ ಪೆಟ್ಟು ತಿಂದ ಚರ್ಮ ಅದರ ತಣ್ಣನ್ನು ತಡೆಯುವುದಿಲ್ಲ. ಸಾಬೂನು, ಸೀಗೆಪುಡಿ, ಕಡಲೆಹಿಟ್ಟು, ತೆಂಗಿನ ನಾರು ಯಾವುದನ್ನೂ ಆ ಜಾಗಕ್ಕೆ ಮುಟ್ಟಿಸಬೇಡಿ. ಒರೆಸುವಾಗ ತಿಕ್ಕದೆ, ಟವೆಲನ್ನು ಒತ್ತಿ ಒತ್ತಿ ನೀರು ತೆಗೆಯಿರಿ, ಸ್ವಲ್ಪ ಪಸೆ ಉಳಿಯಲಿ.

ಆ ಪಸೆ ಆರುವ ಮೊದಲೇ ಮೇಲೆ ಏನಾದರೂ ಹಚ್ಚಬೇಕು, ಇಲ್ಲದಿದ್ದರೆ ಚರ್ಮ ಇನ್ನಷ್ಟು ಬಿಗಿಯುತ್ತದೆ. ಪರಿಮಳ ಇಲ್ಲದ ಸಾದಾ ಲೋಷನ್ ಸಾಕು. ಲೋಳೆಸರದ ಬಗ್ಗೆ ಇಲ್ಲಿ ಮೂವರು ಕೇಳಿದರು. ಹಚ್ಚಬಹುದು, ತಂಪಾಗಿ ಹಿತವೆನಿಸುತ್ತದೆ. ಆದರೆ ಎಲೆ ಕೊಯ್ದ ಕೂಡಲೇ ಬುಡದಿಂದ ಒಸರುವ ಹಳದಿ ರಸ ಚರ್ಮಕ್ಕೆ ತುರಿಕೆ ತರುತ್ತದೆ. ಎಲೆಯನ್ನು ಹತ್ತು ನಿಮಿಷ ತಲೆಕೆಳಗಾಗಿ ನಿಲ್ಲಿಸಿ ಆ ರಸವನ್ನು ಬಸಿದು, ಸಿಪ್ಪೆ ತೆಗೆದು, ಒಳಗಿನ ನೀರು ಬಣ್ಣದ ತಿರುಳನ್ನು ತೊಳೆದು ಬಳಸಿ. ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಿ.

ಮುರುಗಲ ತುಪ್ಪದ, ಅಂದರೆ ಮುರುಗಲ (ಪುನರ್ಪುಳಿ) ಬೀಜದಿಂದ ತೆಗೆಯುವ ಗಟ್ಟಿ ಎಣ್ಣೆಯ, ವಿಷಯ ಕೇಳಿದ ಅಜ್ಜಿಗೆ ನಾನು ಕೊಟ್ಟ ಉತ್ತರ ಇದು: ಅಮ್ಮ, ಅದು ಒಳ್ಳೆಯ ಮದ್ದು, ಆದರೆ ಮೊದಲ ದಿನದ ಮದ್ದಲ್ಲ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ, ವ್ಯಾಸಲೀನ್ ಇವೆಲ್ಲ ಚರ್ಮದ ಮೇಲೆ ಮುಚ್ಚಳದ ಹಾಗೆ ಕೂರುತ್ತವೆ. ಚರ್ಮ ಇನ್ನೂ ಕಾದಿರುವಾಗ ಹಚ್ಚಿದರೆ ಒಳಗಿನ ಬಿಸಿ ಹೊರಹೋಗುವುದಿಲ್ಲ. ಮೂರು ದಿನ ಕಳೆದು, ಉರಿ ಇಳಿದು, ಚರ್ಮ ಒಣಗಿ ಹೊಟ್ಟೇಳುವಾಗ ಇದೇ ಮುಚ್ಚಳ ಬೇಕಾಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವ ಹಾಗೆ ಮುರುಗಲ ತುಪ್ಪವನ್ನು ಅಂಗೈಯಲ್ಲಿ ಕರಗಿಸಿ ಆಗ ತೆಳುವಾಗಿ ಹಚ್ಚಿ. ಎದ್ದ ಸಿಪ್ಪೆಯನ್ನು ಉಗುರಿನಿಂದ ಎಳೆಯಬೇಡಿ. ಅದರಡಿಯ ಚರ್ಮ ಇನ್ನೂ ಬಲಿತಿರುವುದಿಲ್ಲ.

ಟೂತ್‌ಪೇಸ್ಟ್, ಸೀಮೆಎಣ್ಣೆ, ಒಲೆಯ ಬೂದಿ ಹಚ್ಚಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಇವು ಯಾವುದೂ ಬೇಡ, ಹೆಚ್ಚು ಹೇಳಬೇಕಾಗಿಲ್ಲ.

ಹೊಟ್ಟೆಗೆ ತೆಗೆದುಕೊಳ್ಳುವುದರಲ್ಲಿ ನಮ್ಮ ಅಡುಗೆಮನೆಯೇ ಸಾಕಷ್ಟು ಬಲ್ಲದು. ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರು, ಒಂದೆಲಗದ ತಂಬುಳಿ, ಮುರುಗಲ ಪಾನಕ. ಎರಡು ದಿನ ನೀರಡಿಕೆಗೆ ಕಾಯದೆ ಕುಡಿಯುತ್ತಿರಿ. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ಸಾಕಷ್ಟು ಕುಡಿದಿದ್ದೀರಿ ಎಂದರ್ಥ.

ಗುಳ್ಳೆ ಎದ್ದರೆ ಸೂಜಿ ಚುಚ್ಚಬೇಡಿ. ಆ ಗುಳ್ಳೆಯ ಮೇಲ್ಪದರ ದೇಹವೇ ಕಟ್ಟಿದ ಪಟ್ಟಿ. ತಾನಾಗಿ ಒಡೆದರೆ ಶುದ್ಧ ನೀರಿನಲ್ಲಿ ತೊಳೆದು, ತೆಳುವಾಗಿ ವ್ಯಾಸಲೀನ್ ಹಚ್ಚಿ, ಅಂಟಿಕೊಳ್ಳದ ಶುದ್ಧ ಬಟ್ಟೆ ಮುಚ್ಚಿ. ಕೀವು ಕಂಡರೆ, ಸುತ್ತಲೂ ಬಾವು ಹರಡಿದರೆ ನಂಜಾಗಿದೆ ಎಂದು ತಿಳಿದು ಆಸ್ಪತ್ರೆಗೆ ಬನ್ನಿ. ಗುಳ್ಳೆ ಮುಖದ ಮೇಲಿದ್ದರೆ, ಅಥವಾ ನಿಮ್ಮ ಒಂದೆರಡು ಅಂಗೈಗಿಂತ ಹೆಚ್ಚು ಜಾಗದಲ್ಲಿ ಎದ್ದಿದ್ದರೆ, ಅಥವಾ ಸುಟ್ಟಿದ್ದು ವರ್ಷ ತುಂಬದ ಮಗುವಾಗಿದ್ದರೆ ಮನೆಮದ್ದಿಗೆ ಕಾಯಲೇಬೇಡಿ. ಬಿಸಿಲಿನಲ್ಲಿದ್ದವರು ತೊದಲಲು ಶುರುಮಾಡಿದರೆ, ಯಾರು ಎದುರಿಗಿದ್ದಾರೆಂದು ತಿಳಿಯದೆ ಹೋದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಚರ್ಮದ ಸಮಸ್ಯೆಯನ್ನು ದಾಟಿದೆ. ಅವರನ್ನು ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಜ್ವರದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಹೆಚ್ಚು ಸುಟ್ಟವರಿಗೆ ಒಂದು ರಾತ್ರಿ ಸಣ್ಣ ಜ್ವರ, ಚಳಿ ಬರುವುದುಂಟು. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದೂ ಇದೇ ಬೇಸಿಗೆಯಲ್ಲೇ, ಸೌದೆಗೆ, ದರಕಿಗೆ (ಒಣಗಿದ ಎಲೆಗೆ) ಕಾಡಿಗೆ ಹೋದವರಲ್ಲೇ. ಒಮ್ಮೆಲೇ ಏರುವ ಜ್ವರ, ತಲೆ ಸೀಳುವಂಥ ನೋವು, ಸೊಂಟ ಕಾಲುಗಳ ಸೆಳೆತ ಇದ್ದರೆ ‘ಬಿಸಿಲು ಹೊಡೆದಿದೆ’ ಎಂದುಕೊಂಡು ಮನೆಯಲ್ಲಿ ಮಲಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದು ಯಾವ ದಿನ ಎಂಬುದನ್ನೂ ಹೇಳಿ. ಅಲ್ಲಿಯವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ಏಕೆಂದರೆ ಈ ಜ್ವರದಲ್ಲಿ ರಕ್ತಸ್ರಾವದ ಅಪಾಯವಿದೆ. ಈ ಕಾಯಿಲೆಯನ್ನು ಹರಡುವ ಉಣುಗು ಹತ್ತದಂತೆ ಹಚ್ಚುವ ತೈಲವನ್ನು ಸುಟ್ಟ ಚರ್ಮದ ಮೇಲೆ ಹಚ್ಚಬಾರದು. ಚರ್ಮ ಮಾಯುವವರೆಗೆ ಕಾಡಿಗೆ ಹೋಗದಿರುವುದೇ ಒಳ್ಳೆಯದು.

ಕೆಲವರಿಗೆ ಸ್ವಲ್ಪ ಬಿಸಿಲಿಗೇ ವಿಪರೀತ ಸುಡುತ್ತದೆ. ಆಗ ನಾನು ಮೊದಲು ಕೇಳುವುದು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಝೈಡ್ ಇಂಥವು ಚರ್ಮವನ್ನು ಬಿಸಿಲಿಗೆ ಎಳೆಯದಾಗಿಸುತ್ತವೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

ಈಗ ಕ್ರೀಮಿನ ವಿಷಯ. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟಿದೆ. ಬಿಸಿಲಿಗೆ ಕಪ್ಪಾದೆ, ಬಂಗು ಬಂತು ಎಂದು ಔಷಧಿ ಅಂಗಡಿಗೆ ಹೋದವರ ಕೈಗೆ ಒಂದು ಟ್ಯೂಬು ಬರುತ್ತದೆ. ಅದರಲ್ಲಿ ಅನೇಕ ಸಲ ಮೂರು ಔಷಧಿ ಬೆರೆತಿರುತ್ತವೆ, ಅವುಗಳಲ್ಲಿ ಒಂದು ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಬಲವಾದ ಔಷಧಿ. ಎರಡು ವಾರದಲ್ಲಿ ಮುಖ ಬೆಳ್ಳಗೆ ಹೊಳೆಯುತ್ತದೆ, ಅಕ್ಕಪಕ್ಕದವರೂ ಅದೇ ಟ್ಯೂಬು ತರಿಸುತ್ತಾರೆ. ಆರು ತಿಂಗಳಲ್ಲಿ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಾಗಿ, ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ, ಕೂದಲು ಹುಟ್ಟುತ್ತವೆ, ಒಲೆಯ ಮುಂದೆ ಕೂತರೂ ಮುಖ ಉರಿಯುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಕಪ್ಪು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಹಾಗಿದ್ದೂ ಆ ಟ್ಯೂಬನ್ನು ಕೈಯಲ್ಲಿ ಹಿಡಿದು ಬರುವವರು ನಿಂತಿಲ್ಲ. ಚರ್ಮದ ಮೇಲ್ಪದರ ಹಳತು ಕಳೆದು ಹೊಸತಾಗಲು ಒಂದು ತಿಂಗಳೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಬೇಕು. ಆ ಕಾಲವನ್ನು ಕೊಟ್ಟರೆ, ಮತ್ತೆ ಸುಡದಂತೆ ನೋಡಿಕೊಂಡರೆ, ಬಿಸಿಲಿನ ಕಪ್ಪು ಬಹುಮಟ್ಟಿಗೆ ತಾನೇ ಇಳಿಯುತ್ತದೆ. ಬಂಗು ಬೇರೆ, ಅದಕ್ಕೆ ವೈದ್ಯರನ್ನು ಕಾಣಲೇಬೇಕು.

ಮತ್ತೆ ಸುಡದಂತೆ ಎಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಎದ್ದು, “ಮನೇಲಿ ಕೂತ್ರೆ ಸಂಬಳ ಯಾರು ಕೊಡ್ತಾರೆ ಅಮ್ಮ?” ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾದ ಮಾತು. ಸುಲಿದ ಜಾಗದ ಹೊಸ ಚರ್ಮ ಎರಡು ಮೂರು ವಾರ ಎಳೆಯದಾಗಿಯೇ ಇರುತ್ತದೆ, ಅಷ್ಟು ದಿನ ಕೂಲಿ ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಸನ್‌ಸ್ಕ್ರೀನ್ ಹಚ್ಚಿ ಎಂದು ಹೇಳಬಹುದು. ಎಸ್‌ಪಿಎಫ್ (ಬಿಸಿಲು ಸುಡದಂತೆ ಎಷ್ಟು ಕಾಯುತ್ತದೆ ಎಂಬ ಅಳತೆ) 30 ಇರುವುದನ್ನು, ಮುಖ ಕುತ್ತಿಗೆಗೆ ಎರಡು ಬೆರಳುದ್ದ ತೆಗೆದು, ಎರಡು ಗಂಟೆಗೊಮ್ಮೆ ಹಚ್ಚಬೇಕು. ಬೆವರಿಳಿಯುವ ಕೆಲಸದಲ್ಲಿ ಅಷ್ಟು ಹಚ್ಚುತ್ತಾ ಹೋದರೆ ಒಂದು ಟ್ಯೂಬು ಎಷ್ಟು ದಿನ ಬಂದೀತು ಎಂಬುದು ನನಗೂ ಗೊತ್ತು. ಮುಖಕ್ಕೆ, ಸುಲಿದ ಜಾಗಕ್ಕೆ ಅದನ್ನು ಉಳಿಸಿಕೊಳ್ಳಿ. ಉಳಿದ ಮೈಗೆ ಬಟ್ಟೆಯೇ ಮೇಲು.

ಕೆಲಸ ಕೊಡುವವರಲ್ಲಿ ನನ್ನದೊಂದು ಬೇಡಿಕೆಯಿದೆ, ಅವರಲ್ಲಿ ಕೆಲವರು ಇಲ್ಲೇ ಕೂತಿದ್ದೀರಿ: ಮಾರ್ಚಿನಿಂದ ಮೇ ತಿಂಗಳವರೆಗೆ ಬೆಳಿಗ್ಗೆ ಒಂದು ಗಂಟೆ ಮುಂಚೆ ಕೆಲಸ ಶುರುಮಾಡಿಸಿ, ಹನ್ನೊಂದರಿಂದ ಮೂರರವರೆಗಿನ ಕೆಲಸವನ್ನು ನೆರಳಿಗೆ ಸರಿಸಿ. ಶುಂಠಿಯ ಬೇರು ಬಿಡಿಸುವುದು, ಮಣ್ಣು ತೆಗೆಯುವುದು ಮರದಡಿಯಲ್ಲೂ ಆಗುತ್ತದೆ.

ಇನ್ನು ನಿಮಗೆ. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು ಗದ್ದೆಗೆ ಇಳಿಯುವುದು ನಿಮ್ಮಲ್ಲಿ ಮೊದಲಿನಿಂದಲೂ ಇದೆ. ಅದಕ್ಕಿಂತ ಒಳ್ಳೆಯದನ್ನು ನಾನು ಹೇಳಿಕೊಡಲಾರೆ. ನೂಲು ಸವೆದು ಆಚೆ ಕಾಣುವಂಥದ್ದು ಬೇಡ, ಒತ್ತು ನೇಯ್ಗೆಯ ಗಾಢ ಬಣ್ಣದ್ದು ಆರಿಸಿಕೊಳ್ಳಿ. ಸೆಖೆಯೆಂದು ತೋಳು ಮಡಚಬೇಡಿ, ಮಣಿಕಟ್ಟಿನ ಗುಂಡಿ ಹಾಕಿ. ಕಾಲರನ್ನು ಮೇಲಕ್ಕೆ ನಿಲ್ಲಿಸಿ, ಹಾಳೆಯ ಟೊಪ್ಪಿಯಡಿಯಿಂದ ಒಂದು ಒದ್ದೆ ಬೈರಾಸನ್ನು (ತೆಳು ಟವೆಲನ್ನು) ಕುತ್ತಿಗೆಯ ಹಿಂದಕ್ಕೆ ಇಳಿಬಿಡಿ. ನೀವು ಬಾಗಿದಾಗ ಬಿಸಿಲು ಬೀಳುವುದು ಅಲ್ಲಿಯೇ.